ಟ್ರೇಲರ್ ಕೆಲಸಕ್ಕೆ ಮೂರು ಕಡೆ ಕರೆದಿದ್ದಾರೆ: ದುಡ್ಡು ನೋಡಲೋ, ಮನೆ ನೋಡಲೋ?

ಚಳ್ಳಕೆರೆ ಹೈದ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೇನೆ. ಮೊದಲು ಹತ್ತು ಚಕ್ರದ ಲಾರಿ, ಈಗ ಐದು ವರ್ಷದಿಂದ ನಲವತ್ತು ಅಡಿಯ, ಪಕ್ಕಕ್ಕೆ ಗೋಡೆಯಿಲ್ಲದ ಫ್ಲಾಟ್‌ಬೆಡ್ ಟ್ರೇಲರ್. ನಮ್ಮ ಮಾಲೀಕರು ವಯಸ್ಸಾಯಿತು ಅಂತ ಗಾಡಿ ಮಾರಿದರು. ಈಗ ಮೂರು ಕಡೆಯಿಂದ ಕರೆ ಬಂದಿದೆ.

ಒಂದು ಕಂಪನಿ. ಮೂವತ್ತಕ್ಕೂ ಜಾಸ್ತಿ ಟ್ರೇಲರ್ ಇದೆ. ತೋರಣಗಲ್ಲಿನಿಂದ ಬೆಂಗಳೂರು ಕಡೆಗೆ ಕಾಯಿಲ್ (ಉಕ್ಕಿನ ತಗಡಿನ ಸುರುಳಿ) ಲೋಡ್. ಸಂಬಳ 18,000, ಗಾಡಿ ಮೇಲಿದ್ದ ದಿನಕ್ಕೆ 350 ಬತ್ತಾ, ಪಿಎಫ್ ಇದೆ.

ಎರಡನೆಯದು ಸಣ್ಣ ಮಾಲೀಕರು. ಮೂರೇ ಗಾಡಿ. ಅದೇ ಕಾಯಿಲ್, ಆದರೆ ಚೆನ್ನೈ ಲೈನ್. ಬಾಡಿಗೆಯಲ್ಲಿ ಪರ್ಸೆಂಟೇಜ್. ರೌಂಡಿಗೆ 8,000ಕ್ಕೆ ಕಡಿಮೆ ಬೀಳಲ್ಲ, ತಿಂಗಳಿಗೆ ಐದು ರೌಂಡ್ ಆಗುತ್ತದೆ ಅನ್ನುತ್ತಾರೆ. ಅಂದರೆ 40,000.

ಮೂರನೆಯದು ಓಡಿಸಿ (ODC) ಕೆಲಸ, ಅಂದರೆ ಅಳತೆ ಮೀರಿದ ದೊಡ್ಡ ಸರಕು. ಗಾಳಿಯಂತ್ರದ ಬ್ಲೇಡು, ಟವರ್ ಪೀಸು. 32,000 ಸಂಬಳ, ದಿನಕ್ಕೆ 500 ಬತ್ತಾ. ಎರಡು ತಿಂಗಳಿಗೊಮ್ಮೆ ಹತ್ತು ದಿನ ರಜೆ.

ಮಗಳು ಎರಡನೇ ಕ್ಲಾಸು. ಮನೆಯವಳು ಎರಡನೆಯದೇ ಒಳ್ಳೆಯದು ಅನ್ನುತ್ತಾಳೆ. ನನಗೆ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಓಡಿಸಿದವರು ಹೇಳಿ.

ಪೀಣ್ಯ ಪುಟ್ಟ

40,000 ಅಂದವರು ಯಾರಣ್ಣ? ನನ್ನನ್ನೂ ಸೇರಿಸಿಕೊಳ್ಳಲಿ. ನಾಳೆಯೇ ಬರುತ್ತೇನೆ.

ಹಳೇ ಎನ್‌ಎಚ್ ನಾಲ್ಕು

ತಮ್ಮಾ, ನಿನ್ನ ಎರಡನೇ ಮಾಲೀಕರು ಸುಳ್ಳು ಹೇಳಿಲ್ಲ. ಲೋಡು ಏರಿಸಿದ ಗಳಿಗೆಯಿಂದ ಇಳಿಸುವ ಗಳಿಗೆವರೆಗೆ ಮಾತ್ರ ಲೆಕ್ಕ ಹಾಕಿದ್ದಾರೆ. ನಾವೆಲ್ಲ ಮೋಸ ಹೋಗುವುದು ಅಲ್ಲೇ.

ನಾನು ಇಪ್ಪತ್ತೆರಡು ವರ್ಷ ಓಡಿಸಿ ಈಗ ಮನೆಯಲ್ಲಿದ್ದೇನೆ. ಕೊನೆಯ ನಾಲ್ಕು ವರ್ಷ ಇದೇ ಚೆನ್ನೈ ಲೈನ್. ಒಂದು ಸಣ್ಣ ಡೈರಿ ಇಟ್ಟಿದ್ದೆ, ಹಾಲಿನವರು ಇಡುತ್ತಾರಲ್ಲ, ಆ ಥರದ್ದು. ಒಂದು ದಿನಕ್ಕೆ ಒಂದೇ ಅಕ್ಷರ. ಓಡಿದ ದಿನಕ್ಕೆ 'ಓ', ನಿಂತ ದಿನಕ್ಕೆ 'ನಿ', ಮನೆಯಲ್ಲಿದ್ದ ದಿನಕ್ಕೆ 'ಮ'. ಬೇರೇನೂ ಬರೆಯುತ್ತಿರಲಿಲ್ಲ. ಒಂದು ತಿಂಗಳದ್ದು ಈಗ ತೆಗೆದು ನೋಡಿದೆ. ಓ 11, ನಿ 14, ಮ 5.

ಹದಿನಾಲ್ಕು ದಿನ ಎಲ್ಲಿ ನಿಂತೆ ಅಂತ ಕೇಳು. ಮೊದಲ ದಿನ ಲೋಡಿಂಗ್ ಸೀರಿಯಲ್ಲು, ಅಂದರೆ ಸರದಿ ಕಾಯುವುದು. ರಾತ್ರಿ ಕಾಯಿಲ್ ಇಟ್ಟರು, ಚೈನು ಬಿಗಿದು ಟಾರ್ಪಲ್ ಹಾಕಿ ಗೇಟು ದಾಟುವಾಗ ಬೆಳಗಾಯಿತು. ಎರಡು ದಿನ ಓಟ. ಆಮೇಲೆ ಪಾರ್ಟಿ ಯಾರ್ಡಿನಲ್ಲಿ 'ಕ್ರೇನ್ ಇಲ್ಲ, ನಾಳೆ ಬಾ'. ನಾಳೆ ನೋಡಿದರೆ ಭಾನುವಾರ. ಇಳಿಸಿದ ಮೇಲೆ ರಿಟರ್ನ್ ಲೋಡು. ಖಾಲಿ ಬಂದರೆ ಮಾಲೀಕರಿಗೆ ಡೀಸೆಲ್ ಹೊರೆ, ಅದಕ್ಕೇ 'ಇರು, ಇರು, ಸಿಗುತ್ತದೆ' ಅನ್ನುತ್ತಾರೆ. ಎರಡು ದಿನ, ಕೆಲವು ಸಲ ಮೂರು. ಫ್ಲಾಟ್‌ಬೆಡ್ಡಿಗೆ ರಿಟರ್ನ್ ಲೋಡು ಸುಲಭಕ್ಕೆ ಸಿಗಲ್ಲ. ಬಾಡಿ ಲಾರಿಗಾದರೆ ಈರುಳ್ಳಿ ಮೂಟೆಯೂ ಆಯಿತು, ಸಿಮೆಂಟೂ ಆಯಿತು. ನಮಗೆ ಮೆಷಿನ್ನೋ ಪೈಪೋ ಪ್ಲೇಟೋ ಬೇಕು. ಹೀಗೆ ಒಂದು ರೌಂಡು ಒಂಬತ್ತು, ಹತ್ತು ದಿನಕ್ಕೆ ಹೋಗುತ್ತದೆ. ತಿಂಗಳಿಗೆ ಮೂರೇ ರೌಂಡು.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಮೂರು ರೌಂಡು ಅಂದರೆ 24,000. ಹೊರಗಿದ್ದದ್ದು 25 ದಿನ, ಊಟ ಟೀ ಸ್ನಾನ ಅಂತ ದಿನಕ್ಕೆ 250 ಹಿಡಿ. 6,250 ಹೋಯಿತು. ಉಳಿದದ್ದು 17,750.

ಕಂಪನಿಯದು ನೋಡು. 18,000, ಜೊತೆಗೆ 24 ದಿನ ಗಾಡಿ ಮೇಲಿದ್ದರೆ 8,400 ಬತ್ತಾ. ಒಟ್ಟು 26,400. ಊಟಕ್ಕೆ 6,000 ತೆಗೆ. 20,400. ಅದರಲ್ಲಿ ಪಿಎಫ್ ಹಿಡಿಯುತ್ತಾರೆ, ಆದರೆ ಅದು ನಿನ್ನದೇ ದುಡ್ಡು. ಇಲ್ಲಿ ಒಂದು ವಿಷಯ ಗಮನಿಸು. ಯಾರ್ಡಿನಲ್ಲಿ ನಿಂತ ದಿನಕ್ಕೂ ಬತ್ತಾ ಬರುತ್ತದೆ. ಪರ್ಸೆಂಟೇಜಿನಲ್ಲಿ ನಿಂತ ದಿನ ನೀನು ಸುಮ್ನೆ ಕೂತಿರುತ್ತೀಯ, ಅದೂ ಸ್ವಂತ ಖರ್ಚಿನಲ್ಲಿ.

ಮೂರನೆಯದು ದುಡ್ಡಿನಲ್ಲಿ ಎಲ್ಲಕ್ಕಿಂತ ಮೇಲೆ. ಎರಡು ತಿಂಗಳಿಗೆ 64,000, ಬತ್ತಾ 51 ದಿನದ್ದು 25,500. ಭಾಗ ಮಾಡಿದರೆ ತಿಂಗಳಿಗೆ 44,750. ಮನೆ ದಿನ ತಿಂಗಳಿಗೆ ಐದೇ ಬಿತ್ತು, ಚೆನ್ನೈ ಲೈನಿನಷ್ಟೇ. ನೋಡಿದೆಯಾ? ನಾನು ಮನೆ ಹತ್ತಿರ ಇದ್ದೇನೆ ಅಂದುಕೊಂಡು ನಾಲ್ಕು ವರ್ಷ ಓಡಿಸಿದೆ. ಬ್ಲೇಡು ಎಳೆಯುವವರೂ ನನ್ನಷ್ಟೇ ದಿನ ಮನೆಯಲ್ಲಿರುತ್ತಿದ್ದರು.

ಪುಲ್ಲರ್ ಪೈಲ್ವಾನ್

ಓಡಿಸಿ ಬಗ್ಗೆ ನಾನು ಹೇಳುತ್ತೇನೆ. ಆರು ವರ್ಷದಿಂದ ಅದೇ. ಈಗಿನ ಬ್ಲೇಡುಗಳು 70 ಮೀಟರ್ ದಾಟುತ್ತವೆ. ಮುಂದೆ ನಾನು, ಹಿಂದೆ ಸ್ಟೇರಿಂಗ್ ಆಕ್ಸಲ್ ಆಡಿಸುವವನು ಇನ್ನೊಬ್ಬ. ಊರೊಳಗೆ ತಿರುವು ಬಂದರೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಅರ್ಧ ಗಂಟೆ. ವೈರು ಎತ್ತಲು ಬಿದಿರು ಗಳು ಹಿಡಿದ ಹುಡುಗರು ಮುಂದೆ ನಡೆಯುತ್ತಾರೆ. ಎಷ್ಟು ನಿಧಾನ ಅಂದರೆ, ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನಲ್ಲಿ ಸಾಮಾನ್ಯ ಲಾರಿಗೆ ದಿನಕ್ಕೆ 200 ಕಿಲೋಮೀಟರ್ ಲೆಕ್ಕ, ನಮಗೆ 20. ಸರ್ಕಾರವೇ ಒಪ್ಪಿಕೊಂಡ ವೇಗ ಅದು!

ದುಡ್ಡು ನಿಜ. ಬಾಡಿ ದಣಿಯುವುದೂ ಕಡಿಮೆ. ಗುಂಪಿನಲ್ಲಿರುತ್ತೇವೆ, ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ಬತ್ತಾ ಉಳಿಯುತ್ತದೆ. ಆದರೆ ಆ 32,000 ಹನ್ನೆರಡು ತಿಂಗಳೂ ಇದೆಯಾ ಅಂತ ಕೇಳು. ನಮ್ಮಲ್ಲಿ ಮಳೆಗಾಲದಲ್ಲಿ ಸೈಟಿನ ಮಣ್ಣು ರಸ್ತೆ ಕೆಸರಾದರೆ ಗಾಡಿ ನಿಲ್ಲುತ್ತದೆ. ನಿಂತ ತಿಂಗಳಿಗೆ ಅರ್ಧ ಸಂಬಳ. ಮೊದಲು ಹೇಳಿರಲಿಲ್ಲ, ಜುಲೈನಲ್ಲಿ ಗೊತ್ತಾಯಿತು.

ರಜೆ ಹತ್ತು ದಿನ ಅಂದರೂ ನೀನು ಕೇಳಿದ ಹತ್ತು ದಿನ ಅಲ್ಲ. ಲೋಡು ಮುಗಿದು, ಬದಲಿ ಡ್ರೈವರ್ ಬಂದ ಮೇಲೆ. ನನ್ನ ತಂಗಿ ಮದುವೆಗೆ ನಾನು ಹೋದದ್ದು ಆರತಕ್ಷತೆ ಮುಗಿದ ಮೇಲೆ.

ಡ್ರೈವರ್ ಮನೆಯವಳು, ಹೊಸಪೇಟೆ

ಗಂಡಸರೇ ಮಾತಾಡಿಕೊಳ್ಳುತ್ತಿದ್ದೀರಿ, ನಾನೂ ಒಂದು ಮಾತು ಹೇಳುತ್ತೇನೆ. ಡೈರಿಯಲ್ಲಿ 'ಮ' ಅಂತ ಬರೆದಿರಲ್ಲ ಅಣ್ಣ, ಆ ಐದು ದಿನ ಯಾವುದು?

ನಮ್ಮ ಮನೆಯವರು ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಬಟ್ಟೆ ಚೀಲ ಇಡುತ್ತಾರೆ. ಉಣ್ಣುತ್ತಾರೆ. ಟ್ರೇಲರ್ ನಮ್ಮ ಓಣಿಗೆ ಬರಲ್ಲ, ಬೈಪಾಸಿನ ಬಂಕಿನಲ್ಲಿ ನಿಲ್ಲಿಸಿರುತ್ತಾರೆ. ಡೀಸೆಲ್ ಕದಿಯುತ್ತಾರೆ ಅಂತ ಹನ್ನೆರಡೂವರೆಗೆ ಬೈಕು ತೆಗೆದುಕೊಂಡು ಹೋಗಿ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ. ಬೆಳಗ್ಗೆ ಐದಕ್ಕೆ ಅಲ್ಲಿಂದಲೇ ಹೊರಟೆ ಅಂತ ಫೋನು. ಇದನ್ನೂ ಮನೆಗೆ ಬಂದ ದಿನ ಅಂತ ಎಣಿಸುತ್ತಾರೆ. ಮಗ ಎದ್ದು 'ಅಪ್ಪ ಬಂದಿದ್ರಾ' ಅಂತ ಕೇಳುತ್ತಾನೆ. ತಟ್ಟೆ ತೋರಿಸುತ್ತೇನೆ.

ಚಳ್ಳಕೆರೆ ತಮ್ಮ, ಸಂಬಳ ಕೇಳುವಾಗ ಇದನ್ನೂ ಕೇಳು. ನೀನು ಮನೆಯಲ್ಲಿರುವಾಗ ಗಾಡಿ ಯಾರ ಜವಾಬ್ದಾರಿ?

ಹಳೇ ಎನ್‌ಎಚ್ ನಾಲ್ಕು

ತಾಯಿ, ಡೈರಿ ಮತ್ತೆ ನೋಡಿದೆ. ಐದರಲ್ಲಿ ಎರಡು ಅಂಥವೇ. ಪೂರ್ತಿ ದಿನ ಅಂದರೆ ಮೂರು.

ಮೂರು ಗಾಡಿ ಮಾಲೀಕ

ನನಗೂ ಮೂರೇ ಟ್ರೇಲರ್ ಇರುವುದು. ಇವರು ಹೇಳಿದ ಮಾಲೀಕ ನಾನಲ್ಲ. ಆದರೆ ನಮ್ಮ ಕಷ್ಟವನ್ನೂ ಕೇಳಿ.

ಲೋಡು ನಮಗೆ ನೇರವಾಗಿ ಸಿಗಲ್ಲ, ನಡುವೆ ಟ್ರಾನ್ಸ್‌ಪೋರ್ಟರ್ ಇರುತ್ತಾರೆ. ಬಾಡಿಗೆ ಬರುವುದು ಎರಡು ಮೂರು ತಿಂಗಳ ಮೇಲೆ. ಟೋಲು ಫಾಸ್ಟ್ಯಾಗಿನಲ್ಲಿ ಅವತ್ತೇ ಕಟ್ ಆಗುತ್ತದೆ, ಡೀಸೆಲ್ಲಿಗೆ ಅವತ್ತೇ ಕೊಡಬೇಕು, ಡ್ರೈವರಿಗೆ ಅಡ್ವಾನ್ಸು ಅವತ್ತೇ. ತಿಂಗಳ ಐದನೇ ತಾರೀಕು ಇಎಂಐ. ಟ್ರೇಲರಿನ ಒಂದು ಜೊತೆ ಟೈರು ಹೋದರೆ ಆ ತಿಂಗಳು ನನಗೆ ಉಳಿಯುವುದು ಡ್ರೈವರಿಗಿಂತ ಕಡಿಮೆ. ನಿಂತ ದಿನಕ್ಕೆ ಹಾಲ್ಟಿಂಗ್ ಕೊಡಿ ಅನ್ನುತ್ತೀರಿ. ನನಗೇ ಬಂದಿದ್ದರೆ ತಾನೇ ಕೊಡುವುದು? ಎಲ್ಆರ್ (ಲಾರಿ ರಸೀದಿ) ಮೇಲೆ ಬರೆದಿರುತ್ತದೆ. ಕೇಳಿದರೆ ಮುಂದಿನ ಲೋಡು ಇಲ್ಲ.

ಪೀಣ್ಯ ಪುಟ್ಟ

ಹಾಗಾದರೆ ಡ್ರೈವರಿಗೆ 40,000 ಅಂತ ಹೇಳಬೇಡಿ ಸ್ವಾಮಿ. 24 ಅಂತ ಹೇಳಿ. ಬರುವವನು ಬರುತ್ತಾನೆ.

ಮೂರು ಗಾಡಿ ಮಾಲೀಕ

24 ಅಂದರೆ ಯಾರೂ ಬರಲ್ಲ. ನನ್ನದೊಂದು ಗಾಡಿ ಡ್ರೈವರ್ ಇಲ್ಲದೆ ನಲವತ್ತು ದಿನದಿಂದ ನಿಂತಿದೆ.

ಪೀಣ್ಯ ಪುಟ್ಟ

ಅಲ್ವಾ ಮತ್ತೆ. ಯಾಕೆ ಬರಲ್ಲ ಅಂತ ಮೇಲೆ ಆ ಅಕ್ಕ ಬರೆದಿದ್ದಾರೆ, ಓದಿ.

ಪಾಯಿಂಟ್ ಹೇಳುವವ

ಜಗಳ ಸಾಕು. ಕಾನೂನಿನ ಮಾತು ಸ್ವಲ್ಪ. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಅಂತ 1961ರಲ್ಲೇ ಮಾಡಿದರು. ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗೆ ಅದು ಅನ್ವಯವಾಗುತ್ತಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ ಅಂತೆಲ್ಲ ಅದರಲ್ಲಿ ಬರೆದಿಟ್ಟರು. ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೆ ಒಂದರಂತೆ ಸಂಬಳದ ರಜೆ ಕೂಡ. 2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ಪುಲ್ಲರ್ ಪೈಲ್ವಾನ್

ವಾರಕ್ಕೊಂದು ರಜೆ! ನಗಿಸಬೇಡಿ ಗುರುಗಳೇ, ಟೀ ಕುಡಿಯುತ್ತಿದ್ದೆ.

ಪಾಯಿಂಟ್ ಹೇಳುವವ

ನಗು ಬರುವುದು ಸರಿಯೇ. ಆದರೂ ಹಾಜರಿ ಪುಸ್ತಕ, ಪಿಎಫ್ ನಂಬರ್ ಇರುವ ಕಡೆ ಆ ಮಾತನ್ನು ಎತ್ತುವುದಕ್ಕಾದರೂ ಆಗುತ್ತದೆ. ಮೂರು ಗಾಡಿಯವರ ಹತ್ತಿರ ಕಾಗದವೇ ಇರಲ್ಲ, ಏನಂತ ಎತ್ತುತ್ತೀರಿ?

ದಮ್ಮಾಮಿನಿಂದ ಪುತ್ತೂರಿನವ

ನಾನು ಏಳು ವರ್ಷದಿಂದ ಸೌದಿಯಲ್ಲಿ ಫ್ಲಾಟ್‌ಬೆಡ್. ಜುಬೈಲಿನಿಂದ ರಿಯಾದಿಗೆ ಪೈಪು, ಕಬ್ಬಿಣ. ರಸ್ತೆ ಬೆಣ್ಣೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಆ ಹೊತ್ತಿಗೆ ಬೆಲ್ಟು ಬಿಗಿ ಅಂತ ಯಾರೂ ಕೂಗಲ್ಲ. ದುಡ್ಡು ಊರಿನ ಎರಡರಷ್ಟು ಉಳಿಯುತ್ತದೆ.

ಮನೆ? ಎರಡು ವರ್ಷಕ್ಕೆ ಎರಡು ತಿಂಗಳು. ಭಾಗ ಮಾಡಿದರೆ ತಿಂಗಳಿಗೆ ಎರಡೂವರೆ ದಿನ. ಡೈರಿ ಅಣ್ಣನ ಲೆಕ್ಕ ಓದಿ ನಾನೂ ಈಗಲೇ ಭಾಗ ಮಾಡಿ ನೋಡಿದ್ದು. ನೋಡಬಾರದಿತ್ತು.

ಟೆಕ್ಸಾಸ್ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ನಾನು ಮೂರು ವರ್ಷ ಫ್ಲಾಟ್‌ಬೆಡ್ ಓಡಿಸಿದೆ. ಇಲ್ಲಿ ಅದಕ್ಕೇ ಹೆಸರಾದ ಕಂಪನಿಗಳಿವೆ. ಡೆ ಮೊಯಿನ್‌ನ ಟಿಎಂಸಿ, ಟಲ್ಸಾದ ಮೆಲ್ಟನ್, ನಾರ್ತ್ ಲಿಟಲ್ ರಾಕ್‌ನ ಮ್ಯಾವೆರಿಕ್. ನಾನು ಇದ್ದದ್ದು ಬೇರೆ, ಸಣ್ಣದು. ಮೈಲಿಗೆ ಇಷ್ಟು ಸೆಂಟು, ಇಲ್ಲವೇ ಬಾಡಿಗೆಯಲ್ಲಿ ಪಾಲು. ಟಾರ್ಪಲ್ ಹಾಕಿದರೆ ಅದಕ್ಕೆ ಬೇರೆ ದುಡ್ಡು, ಟಾರ್ಪ್ ಪೇ ಅಂತಾರೆ. ಯಾರ್ಡಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸಿದರೆ ಡಿಟೆನ್ಷನ್ ಅಂತ ಗಂಟೆ ಲೆಕ್ಕ ಶುರು. ಕೊಡುತ್ತಾರಾ ಅಂದರೆ, ಅಲ್ಲೂ ನಾಲ್ಕು ಫೋನು ಮಾಡಬೇಕು.

2024ರ ಮೇ ತಿಂಗಳ ಸರ್ಕಾರಿ ಅಂಕಿ ಪ್ರಕಾರ ಇಲ್ಲಿನ ದೊಡ್ಡ ಟ್ರಕ್ ಡ್ರೈವರುಗಳನ್ನು ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವಿನವನಿಗೆ ವರ್ಷಕ್ಕೆ 57,440 ಡಾಲರ್. ರೂಪಾಯಿ ಮಾಡಿ ನೋಡಬೇಡಿ, ಇಲ್ಲಿ ಬಾಡಿಗೆ ಮನೆಗೂ ಡಾಲರೇ.

ನಗು ಬರುವ ವಿಷಯ ಇನ್ನೊಂದು. 14 ಗಂಟೆಯ ಪಾಳಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಎಂಟು ದಿನದಲ್ಲಿ 70 ಗಂಟೆ ಡ್ಯೂಟಿ ಮುಗಿದರೆ ಓಡಿಸುವಂತಿಲ್ಲ. 34 ಗಂಟೆ ಸತತ ರೆಸ್ಟ್ ತೆಗೆದುಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ. ಕೆಲಸಕ್ಕೆ ಸೇರಿಸುವಾಗ 'ಪ್ರತಿ ವೀಕೆಂಡ್ ಮನೆ' ಅಂದರು. ಸೇರಿದ ಮೇಲೆ ಗೊತ್ತಾಯಿತು, ವೀಕೆಂಡ್ ಅಂದರೆ ಆ 34 ಗಂಟೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಮನೆ, ಭಾನುವಾರ ರಾತ್ರಿ ಎಂಟಕ್ಕೆ ಗಾಡಿ. ಅದರಲ್ಲಿ ಬಟ್ಟೆ ಒಗೆದು, ನಿದ್ದೆ ಮಾಡಿ ಎದ್ದರೆ ಮುಗಿಯಿತು. ಹೊಸಪೇಟೆ ಅಕ್ಕ ಬರೆದದ್ದು ನಮ್ಮ ಮನೆ ಕಥೆಯೇ.

ಪೀಣ್ಯ ಪುಟ್ಟ

ಟಾರ್ಪಲ್ ಹಾಕಿದ್ದಕ್ಕೆ ದುಡ್ಡಾ? ಅಣ್ಣ, ಇನ್ನೊಮ್ಮೆ ಹೇಳಿ, ಕೇಳೋಕೆ ಚೆನ್ನಾಗಿದೆ.

ಚಳ್ಳಕೆರೆ ಹೈದ

ಟಾರ್ಪಲ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಹಿಂದಿನ ಮಳೆಗಾಲದಲ್ಲಿ 26 ಟನ್ನಿನ ಒಂದೇ ಕಾಯಿಲ್ ಹಾಕಿಕೊಂಡು ಬರುತ್ತಿದ್ದೆ. ಸಿಆರ್ ಅಂದರೆ ಕೋಲ್ಡ್ ರೋಲ್ಡ್ ಕಾಯಿಲ್, ಒಂದು ಹನಿ ನೀರು ತಾಗಿದರೂ ಕಲೆ. ಹಿರಿಯೂರು ದಾಟುತ್ತಿದ್ದ ಹಾಗೆ ಗಾಳಿಗೆ ಟಾರ್ಪಲಿನ ಒಂದು ಮೂಲೆ ಬಿಚ್ಚಿಕೊಂಡಿತು. ಕನ್ನಡಿಯಲ್ಲಿ ಪಟಪಟ ಅನ್ನುವುದು ಕಾಣುತ್ತಿತ್ತು. ಸೈಡಿಗೆ ಹಾಕಿ ಹತ್ತಿದೆ. ಕಾಯಿಲ್ ಮೇಲೆ ಕಾಲು ನಿಲ್ಲಲ್ಲ, ಎಣ್ಣೆ ಜಾರು. ಒಂದು ಕೈಯಲ್ಲಿ ಚೈನು, ಇನ್ನೊಂದು ಕೈಯಲ್ಲಿ ಹಗ್ಗ. ಒದ್ದೆಯಾದ ಟಾರ್ಪಲ್ ಎಮ್ಮೆಕರು ಹೊತ್ತ ಹಾಗೆ ತೂಕ. ಕಟ್ಟಿ ಇಳಿಯುವಾಗ ಮೊಣಕಾಲು ತರಚಿತ್ತು. ಆದರೂ ಇಳಿಸುವ ಕಡೆ ಒಂದು ಅಂಗೈಯಷ್ಟು ಜಾಗ ಒದ್ದೆ ಅಂತ ಬರೆದರು. ಬಾಡಿಗೆಯಲ್ಲಿ 6,000 ಮುರಿದರು, ಅದರಲ್ಲಿ ಅರ್ಧ ನನ್ನ ತಲೆಗೆ.

ಹಾಗಾಗಿ ಮೂರೂ ಕಡೆ ಫೋನು ಮಾಡಿ ಇವತ್ತು ನಾಲ್ಕು ಪ್ರಶ್ನೆ ಕೇಳಿದೆ. ನಿಂತ ದಿನಕ್ಕೆ ಏನು ಕೊಡುತ್ತೀರಿ, ಮಾಲು ಕಲೆಯಾದರೆ ಯಾರ ಮೇಲೆ, ನಾನು ಮನೆಗೆ ಹೋದಾಗ ಗಾಡಿ ಎಲ್ಲಿ, ಮಳೆಗಾಲದಲ್ಲಿ ಸಂಬಳ ಎಷ್ಟು.

ಕಂಪನಿಯವರು: ಬತ್ತಾ ನಿಂತ ದಿನಕ್ಕೂ ಇದೆ, ಇನ್ಶೂರೆನ್ಸ್ ಇದೆ ಆದರೆ ಟಾರ್ಪಲ್ ಸರಿಯಾಗಿ ಹಾಕದಿದ್ದರೆ ಡ್ರೈವರ್ ಮೇಲೆ, ಗಾಡಿ ನಿನ್ನ ಜವಾಬ್ದಾರಿ. ಓಡಿಸಿಯವರು: ಮಳೆಗಾಲದಲ್ಲಿ ಅರ್ಧ. ಪೈಲ್ವಾನಣ್ಣ, ನೀವು ಹೇಳಿದ ಹಾಗೇ ಆಯಿತು. ಸಣ್ಣ ಮಾಲೀಕರು: 'ಇಷ್ಟೆಲ್ಲ ಕೇಳುವವನು ನಮಗೆ ಬೇಡ' ಅಂದು ಫೋನು ಇಟ್ಟರು.

ಮೂರು ಗಾಡಿ ಮಾಲೀಕ

ಫೋನು ಇಟ್ಟದ್ದು ತಪ್ಪು. ಅದನ್ನು ನಾನೂ ಒಪ್ಪುತ್ತೇನೆ.

ಗೇರು ಬದಲಿಸಿದವ

ನಡುವೆ ಒಂದು ಮಾತು. ರಿಲೇ ಅಂತ ಒಂದು ಪದ್ಧತಿ ಇತ್ತಲ್ಲ? ಗುರುಗ್ರಾಮದ ರಿವಿಗೊ ಕಂಪನಿ 2014ರಲ್ಲಿ ಶುರುವಾದಾಗ ಅದೇ ಮಾಡಿತು. ಒಬ್ಬ ಡ್ರೈವರ್ ನಾಲ್ಕೈದು ಗಂಟೆ ಓಡಿಸಿ ಇನ್ನೊಬ್ಬನ ಕೈಗೆ ಗಾಡಿ ಕೊಡುವುದು, ಎದುರಿನಿಂದ ಬಂದ ಗಾಡಿ ಹಿಡಿದು ವಾಪಸು ಬರುವುದು. ಅವತ್ತೇ ಮನೆ. 2022ರಲ್ಲಿ ಅವರ ಪಾರ್ಸೆಲ್ ಕಡೆಯ ವ್ಯವಹಾರವನ್ನು ಮಹೀಂದ್ರಾ ಲಾಜಿಸ್ಟಿಕ್ಸ್ ತೆಗೆದುಕೊಂಡಿತು. ಟ್ರೇಲರಿಗೂ ಯಾರಾದರೂ ಹಾಗೆ ಮಾಡಬಾರದಾ?

ಹಳೇ ಎನ್‌ಎಚ್ ನಾಲ್ಕು

ಆಸೆ ಒಳ್ಳೆಯದೇ. ಆದರೆ ಪಾರ್ಸೆಲ್ ಗಾಡಿಗೆ ಎರಡೂ ಕಡೆ ಲೋಡು, ಹೊರಡುವ ಟೈಮು ಗೊತ್ತು. ಕಾಯಿಲ್ ಒಂದು ಕಡೆಗೆ ಮಾತ್ರ ಹೋಗುತ್ತದೆ. ಎದುರಿನಿಂದ ಬರುವ ಗಾಡಿ ಎಲ್ಲಿದೆ? ಇನ್ನೊಂದು, ಚೈನು ಬಿಗಿದವನು ಒಬ್ಬ, ಓಡಿಸುವವನು ಇನ್ನೊಬ್ಬ ಅಂದರೆ ನಾನು ಹತ್ತಲ್ಲ. 26 ಟನ್ನು ನನ್ನ ಬೆನ್ನ ಹಿಂದೆ ಇರುತ್ತದೆ. ಬ್ರೇಕು ಹಾಕಿದಾಗ ಅದು ನಿಲ್ಲುತ್ತದೋ ಕ್ಯಾಬಿನ್ನಿಗೆ ಬರುತ್ತದೋ ಅನ್ನುವುದು ಬಿಗಿದವನ ಕೈಯಲ್ಲಿರುತ್ತದೆ. ಬೇರೆಯವನು ಬಿಗಿದದ್ದನ್ನು ನಾನು ಇಳಿದು ಒಮ್ಮೆ ನೋಡದೆ ಹತ್ತು ಕಿಲೋಮೀಟರೂ ಓಡಿಸಿದವನಲ್ಲ.

ಚಳ್ಳಕೆರೆ ತಮ್ಮಾ, ನೀನು ಕೇಳಬೇಕಾದ ಐದನೇ ಪ್ರಶ್ನೆ ಫೋನಿನಲ್ಲಿ ಕೇಳುವುದಲ್ಲ. ಭೂಪಟ ನೋಡು. ತೋರಣಗಲ್ಲು, ಬಳ್ಳಾರಿ, ಆಮೇಲೆ ಚಳ್ಳಕೆರೆ, ಹಿರಿಯೂರು, ಬೆಂಗಳೂರು. ಕಂಪನಿಯ ಲೈನು ನಿನ್ನ ಊರಿನ ಮೇಲೇ ಹೋಗುತ್ತದೆ. ಚೆನ್ನೈ ಗಾಡಿ ಬಳ್ಳಾರಿಯಿಂದ ಅನಂತಪುರದ ಕಡೆ ಹೊರಳಿತು ಅಂದರೆ ಮುಗಿಯಿತು, ನಿನ್ನ ಮನೆ ನೂರು ಕಿಲೋಮೀಟರ್ ಆಚೆ. ಮನೆಗೆ ಹೋಗಲು ರಜೆ ಕೇಳಬೇಕು, ಬಸ್ಸು ಹಿಡಿಯಬೇಕು. ಕಂಪನಿ ಲೈನಿನಲ್ಲಿ ಲೋಡಾಗಿ ಹೋಗುವಾಗ ಒಮ್ಮೆ, ಖಾಲಿ ಬರುವಾಗ ಒಮ್ಮೆ ಮನೆ ಮುಂದೆಯೇ ಹಾದು ಹೋಗುತ್ತೀಯ. ಬೆಂಗಳೂರಿನಲ್ಲಿ ಹೇಗೂ ಹಗಲು ಹೆವಿ ಗಾಡಿಗೆ ಎಲ್ಲ ರಸ್ತೆಯೂ ತೆರೆದಿರಲ್ಲ. ದಾಬಸ್‌ಪೇಟೆ ಪಕ್ಕ ಧೂಳಲ್ಲಿ ರಾತ್ರಿಗೆ ಕಾಯುವ ಆ ಐದು ಗಂಟೆಯನ್ನು ಊರಲ್ಲೇ ಕಾಯಿ. ಡೈರಿಯಲ್ಲಿ 'ನಿ' ಅಂತ ಬರೆಯುವುದನ್ನು ಅರ್ಧ 'ಮ' ಮಾಡಿಕೊಳ್ಳಬಹುದು.

ಡ್ರೈವರ್ ಮನೆಯವಳು, ಹೊಸಪೇಟೆ

ಅರ್ಧ ಮ! ಇರಲಿ ಅಣ್ಣ, ಅದೂ ಸಿಕ್ಕರೆ ಸಾಕು.

ಪಾಯಿಂಟ್ ಹೇಳುವವ

ಗಾಡಿ ಹೊಸದಾ ಹಳೆಯದಾ ಅಂತಲೂ ನೋಡಿಕೊಳ್ಳಿ. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಬಳ್ಳಾರಿ ಏಪ್ರಿಲ್ ಬಿಸಿಲಿಗೆ ಅದು ಸಣ್ಣ ವಿಷಯ ಅಲ್ಲ.

ಚಳ್ಳಕೆರೆ ಹೈದ (ಎರಡು ತಿಂಗಳ ನಂತರ)

ಮರೆತಿಲ್ಲ, ಟೈಮ್ ಸಿಗಲಿಲ್ಲ. ಕಂಪನಿಗೇ ಸೇರಿದೆ. ಎಸಿ ಗಾಡಿ ಸಿಗಲಿಲ್ಲ, 2019ರ ಮಾಡೆಲ್ಲು.

ಡೈರಿ ಇಟ್ಟಿದ್ದೇನೆ. ಎರಡನೇ ತಿಂಗಳದ್ದು: ಓ 13, ನಿ 9, ಮ 8. ಎಂಟರಲ್ಲಿ ಪೂರ್ತಿ ದಿನ ನಾಲ್ಕು, ಉಳಿದದ್ದು ಹೊಸಪೇಟೆ ಅಕ್ಕ ಬೈಯುವ ಥರದ್ದು. ಗಾಡಿ ಮೇಲಿದ್ದ 22 ದಿನಕ್ಕೆ 7,700 ಬತ್ತಾ ಬಂತು. ಒಟ್ಟು 25,700, ಪಿಎಫ್ ಕಳೆಯುವ ಮೊದಲು. ಮನೆಯವಳು ಇನ್ನೂ 40,000ದ ಮಾತು ಎತ್ತುತ್ತಾಳೆ. ಡೈರಿ ತೋರಿಸಿದರೆ ಅಕ್ಷರ ಚೆನ್ನಾಗಿಲ್ಲ ಅಂತಾಳೆ.

ಗಾಡಿ ಬಂಕಿನಲ್ಲೇ ನಿಲ್ಲಿಸುತ್ತೇನೆ. ವಾಚ್‌ಮನ್ನಿಗೆ ರಾತ್ರಿಗೆ 100 ಕೊಡುತ್ತೇನೆ, ಟ್ಯಾಂಕಿಗೆ ಬೀಗ ಹಾಕಿಸಿದ್ದೇನೆ. ಕ್ಯಾಬಿನ್ನಿನಲ್ಲಿ ಮಲಗಲ್ಲ. ಮೊದಲ ವಾರ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದೆ, ಈಗ ಒಂದು ಸಲ.

ಹಳೇ ಎನ್‌ಎಚ್ ನಾಲ್ಕು

ಆ 100ರ ಚೀಟಿ ಇಟ್ಟುಕೊಂಡು ಕಂಪನಿಗೆ ಕೊಡು. ಮೂರು ತಿಂಗಳು ಕೊಟ್ಟರೆ ಒಂದು ತಿಂಗಳದ್ದಾದರೂ ಪಾಸು ಮಾಡುತ್ತಾರೆ.

ಚಳ್ಳಕೆರೆ ಹೈದ

ವಾಚ್‌ಮನ್ ಚೀಟಿ ಬರೆದುಕೊಡಲ್ಲ ಅಣ್ಣ. ಅವನಿಗೆ ಹೆದರಿಕೆ, ಬಂಕಿನ ಓನರಿಗೆ ಗೊತ್ತಾಗುತ್ತದೆ ಅಂತ.